ಎಡೆದೊರೆ ನಾಡಿಗೆ ಎಂಥ ಸಾಹಿತ್ಯೋತ್ಸವ?

ಸಾಹಿತ್ಯೋತ್ಸವಕ್ಕೆ ಈಗ ಒಂದು ಸಿದ್ಧ ಮಾದರಿ ರೂಪುಗೊಂಡಿದೆ. ಹಳೆಯ ಅರಮನೆಯೋ ಹವೇಲಿಯೋ ಬೇಕು, ಅದರ ಅಂಗಳದಲ್ಲಿ ಬಣ್ಣದ ಶಾಮಿಯಾನ ಬೇಕು, ಒಂದೇ ವೇಳೆಗೆ ನಾಲ್ಕಾರು ಗೋಷ್ಠಿಗಳು ನಡೆಯಬೇಕು, ಪಕ್ಕದಲ್ಲಿ ಪುಸ್ತಕದಂಗಡಿ ಮತ್ತು ಕಾಫಿಯಂಗಡಿ ಇರಬೇಕು. 2006ರಲ್ಲಿ ಜೈಪುರದ ಡಿಗ್ಗಿ ಅರಮನೆಯಲ್ಲಿ ಸಣ್ಣದಾಗಿ ಆರಂಭವಾದ ಉತ್ಸವ ಈ ಮಾದರಿಯನ್ನು ಭಾರತದಲ್ಲಿ ನೆಲೆಗೊಳಿಸಿತು. ಜನಸಂದಣಿ ಮಿತಿಮೀರಿದ ಮೇಲೆ, 2022ರಲ್ಲಿ, ಆ ಉತ್ಸವ ಅರಮನೆಯನ್ನು ಬಿಟ್ಟು ಹೋಟೆಲೊಂದಕ್ಕೆ ಸ್ಥಳಾಂತರಗೊಂಡರೂ ಮಾದರಿಯ ಮೋಹ ಮಾತ್ರ ಕುಗ್ಗಲಿಲ್ಲ. ಇದರ ಮೂಲ ಇರುವುದು ಇಂಗ್ಲೆಂಡಿನ ಹಳ್ಳಿಗಾಡಿನ ಸಿರಿವಂತರ ಹಳೆಯ ಮನೆಗಳಲ್ಲಿ. ಕಾರ್ನ್‌ವಾಲ್ ಸೀಮೆಯ ಪೋರ್ಟ್ ಎಲಿಯಟ್ ಎಂಬ ಬಂಗಲೆಯ ತೋಟದಲ್ಲಿ 2019ರವರೆಗೆ ಬೇಸಿಗೆಯ ಉತ್ಸವ ನಡೆಯುತ್ತಿತ್ತು. ಸಸೆಕ್ಸ್‌ನ ಚಾರ್ಲ್ಸ್‌ಟನ್ ಮನೆಯಲ್ಲಿ ಇಂದಿಗೂ ಮೇ ತಿಂಗಳಲ್ಲಿ ಲೇಖಕರು ಸೇರುತ್ತಾರೆ. ಅಲ್ಲಿ ಮೇ ಎಂದರೆ ಹಸಿರು ಹುಲ್ಲು, ಎಳೆಬಿಸಿಲು, ಹಗಲು ದೀರ್ಘವಾಗುವ ಸಂತಸ.

ರಾಯಚೂರಿನಲ್ಲಿ ಮೇ ಎಂದರೆ ಏನೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದದ್ದಿಲ್ಲ. ಹೊರಗಿನವರಿಗೆ ಒಂದು ಸಂಗತಿ ತಿಳಿಸಿದರೆ ಸಾಕು: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬಿಸಿಲಿಗೆ ಸರ್ಕಾರವೇ ಹೀಗೆ ಮಣಿದಿರುವ ಸೀಮೆ ಇದು.

ಆದರೂ, ಇಂಥದೊಂದು ಉತ್ಸವ ನಮ್ಮಲ್ಲಿಯೂ ಏಕಾಗಬಾರದು ಎಂಬ ಮಾತು ಸಾಹಿತ್ಯಾಸಕ್ತ ಗೆಳೆಯರ ನಡುವೆ ಆಗಾಗ ಬರುತ್ತದೆ. ಬೆಂಗಳೂರಿಗೆ ಉತ್ಸವವಿದೆ, ಧಾರವಾಡಕ್ಕೆ ಸಂಭ್ರಮವಿದೆ, ಹೆಗ್ಗೋಡಿಗೆ ಸಂಸ್ಕೃತಿ ಶಿಬಿರವಿದೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ಏನಿದೆ ಎಂಬುದು ಅವರ ಕೊರಗು. ಬೇಸಿಗೆ ರಜೆಯಲ್ಲಿ, ಯಾವುದಾದರೂ ಐತಿಹಾಸಿಕ ಕಟ್ಟಡದಲ್ಲಿ ಮಾಡಿದರೆ ಪ್ರವಾಸೋದ್ಯಮವೂ ಬೆಳೆದೀತು ಎಂಬುದು ಅವರ ಲೆಕ್ಕ. ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ನಾನು ಅದನ್ನು ಗಂಭೀರವಾಗಿಯೇ ಪರಿಗಣಿಸಬಯಸುತ್ತೇನೆ. ಏಕೆಂದರೆ ಯಾವ ಮನೆ, ಯಾವ ಋತು, ಯಾರ ಹಣ, ಯಾರ ಸಾಹಿತ್ಯ ಎಂಬ ನಾಲ್ಕು ಪ್ರಶ್ನೆಗಳನ್ನು ಅದು ತಾನಾಗಿಯೇ ಎತ್ತುತ್ತದೆ.

ಮೊದಲಿಗೆ ಮನೆಯ ಪ್ರಶ್ನೆ. ಇಂಗ್ಲಿಷ್ ಲೇಖಕನೊಬ್ಬನ ಬಂಗಲೆಯೇ ಬೇಕೆಂದರೆ ಅದೂ ನಮಗೆ ದೂರವಿಲ್ಲ. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿಯ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಇಂದಿಗೂ ನಿಂತಿದೆ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಬರೀ ಅಧಿಕಾರಿಯಾಗಿರಲಿಲ್ಲ. 1839ರಲ್ಲೇ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾಗಿದ್ದವನು. ಈ ಸೀಮೆಯ ಬೃಹತ್ ಶಿಲಾಗೋರಿಗಳನ್ನು ಅಗೆಸಿ ದಾಖಲಿಸಿದವನೂ ಅವನೇ. ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆದರಂತೆ. ಆದರೆ ಅವನ ಕಣ್ಣೆದುರಿನಲ್ಲಿಯೇ ಬೆಳೆದ ಬಾಲಕ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು, ಸೆರೆಸಿಕ್ಕು, ಎಳೆಯ ವಯಸ್ಸಿನಲ್ಲೇ ಗುಂಡಿನ ಗಾಯದಿಂದ ಸತ್ತನೆಂಬುದೂ ಆ ಮನೆಯ ಚರಿತ್ರೆಗೆ ಸೇರಿದೆ. ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ತನ್ನ ಸುಪರ್ದಿಯಲ್ಲಿರುವ 93 ಹಳೆಯ ಮನೆ ಮತ್ತು ಸ್ಥಳಗಳಿಗೆ ವಸಾಹತುಶಾಹಿ ಹಾಗೂ ಗುಲಾಮ ವ್ಯಾಪಾರದೊಡನೆ ಇದ್ದ ನಂಟನ್ನು 2020ರಲ್ಲಿ ಪ್ರಕಟಿಸಿದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು. ಚೆಂದದ ಮನೆಯಲ್ಲಿ ಕುಳಿತು ಕವಿತೆ ಓದುವವರಿಗೆ ಆ ಮನೆಯ ಲೆಕ್ಕಪತ್ರ ನೋಡುವುದು ಇಷ್ಟವಾಗುವುದಿಲ್ಲ. ಟೇಲರ್ ಮಂಜಿಲಿನಲ್ಲಿ ಒಂದು ದಿನ ಕುಳಿತು ಟೇಲರನನ್ನೂ ವೆಂಕಟಪ್ಪನನ್ನೂ ಒಟ್ಟಿಗೆ ಓದುವುದಾದರೆ ನಾನು ಹೋಗುತ್ತೇನೆ. ಉತ್ಸವಕ್ಕೆ ಹಿನ್ನೆಲೆಯ ಚಿತ್ರವಾಗಿ ಮಾತ್ರ ಆ ಮನೆ ಬೇಕೆಂದರೆ ಬೇಡ.

ಎರಡನೆಯದು ರಾಯಚೂರಿನ ಕೋಟೆ. ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕಟ್ಟಿಸಿದ ಈ ಕೋಟೆಗಾಗಿ ಬಹಮನಿಗಳೂ ವಿಜಯನಗರದವರೂ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ಇಲ್ಲಿ ದೊಡ್ಡ ಕಾಳಗ ನಡೆದದ್ದು 1520ರ ಮೇ ತಿಂಗಳಿನಲ್ಲಿ, ಇದೇ ಬಿರುಬಿಸಿಲಿನಲ್ಲಿ. ಕೋಟೆಯ ಗೋಡೆಯಲ್ಲಿ ಕೂಡಿಸಿರುವ ನಲವತ್ತು ಅಡಿಗೂ ಮೀರಿದ ಉದ್ದದ ಕಲ್ಲಿನ ಶಾಸನ ಇಲ್ಲಿಯ ಮುಖ್ಯ ಬರಹ. ಅದು ಇರುವುದು ತೆಲುಗಿನಲ್ಲಿ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಜಾನುವಾರುಗಳ ಸಾಲಿನಿಂದ ಎಳೆಸಿದ ದೃಶ್ಯವನ್ನೂ ಗೋಡೆಯ ಮೇಲೆ ಗೀಚಿದ್ದಾರೆ. ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನು ಎಳೆಯುವುದನ್ನು ಕಂಡಾಗಲೆಲ್ಲ ನನಗೆ ಆ ಗೋಡೆಯ ಚಿತ್ರ ನೆನಪಾಗುತ್ತದೆ. ಊರಿನ ನಿಜವಾದ ಬೇಸಿಗೆಯ ಉತ್ಸವ ಅದೇ. ಅದಕ್ಕೆ ಯಾವ ಸಾಹಿತಿಯ ಸಲಹೆಯೂ ಬೇಕಾಗಿಲ್ಲ. ಕೋಟೆಯೊಳಗಿನ ಏಕ ಮಿನಾರ್ ಮಸೀದಿ 1513ರದು. ತೆಲುಗು, ಫಾರ್ಸಿ, ಉರ್ದು, ಕನ್ನಡ ಎಲ್ಲವನ್ನೂ ಒಂದರ ಮೇಲೊಂದು ಹೊದ್ದು ಕುಳಿತಿರುವ ಈ ಕೋಟೆಯನ್ನು ‘ಕನ್ನಡದ ಕೋಟೆ’ ಎಂಬ ಘೋಷಣೆಯ ಬ್ಯಾನರಿನಡಿ ತರುವುದು ಕಷ್ಟ. ಹಾಗೆ ತರದಿರುವುದೇ ಒಳ್ಳೆಯದು.

ಮೂರನೆಯದು ಮಾನ್ವಿಯ ಮನೆ. ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಈ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಮನೆ ಇಲ್ಲ. ಹದಿನೆಂಟನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯ ಮರುಹುಟ್ಟು ಪಡೆದದ್ದು ಇಲ್ಲಿಯ ಹಳ್ಳಿಗಳಲ್ಲಿ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿ ಸಮೀಪದ ಬ್ಯಾಗವಟದವರು. ಒಬ್ಬರಿಂದೊಬ್ಬರಿಗೆ ಸಾಗಿದ ಈ ಪರಂಪರೆಯ ಊರುಗಳೆಲ್ಲ ಇಂದಿನ ಎರಡು ತಾಲ್ಲೂಕುಗಳ ಒಳಗೇ ಸೇರುತ್ತವೆ. ಜಗನ್ನಾಥದಾಸರು ಬಾಳಿದ ಮಾನ್ವಿಯ ಮನೆ ಈಗ ಮಂದಿರ. ಆ ಮನೆಯ ಕಂಬದಲ್ಲಿ ಅವರ ಸಾನ್ನಿಧ್ಯವಿದೆಯೆಂಬುದು ಭಕ್ತರ ನಂಬಿಕೆ. ಪೂಜೆ ಸಲ್ಲುವುದೂ ಕಂಬಕ್ಕೇ. ಭಾದ್ರಪದ ಶುದ್ಧ ನವಮಿಯ ಆರಾಧನೆಗೆ ದೂರದೂರುಗಳಿಂದ ಜನ ಬರುತ್ತಾರೆ. ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ವನ್ನು ಬಾಯಿಪಾಠ ಹೇಳುವ ಹೆಂಗಸರನ್ನು ಅಲ್ಲಿ ಕಾಣಬಹುದು. ಒಂದು ಕಾವ್ಯವನ್ನು ಇಡಿಯಾಗಿ ಕಂಠಸ್ಥ ಮಾಡಿಕೊಂಡ ಓದುಗರು ನಮ್ಮ ಯಾವ ಸಾಹಿತ್ಯೋತ್ಸವಕ್ಕೆ ಬರುತ್ತಾರೆ, ನೀವೇ ಹೇಳಿ.

ಈ ಮನೆಯ ಸುತ್ತ ಹಬ್ಬಿರುವ ಕಥೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಶ್ರೀನಿವಾಸಾಚಾರ್ಯರೆಂಬ ಹೆಸರಿನಲ್ಲಿ ಸಂಸ್ಕೃತದ ದೊಡ್ಡ ಪಂಡಿತರಾಗಿದ್ದ ಅವರಿಗೆ ಕನ್ನಡದಲ್ಲಿ ಹಾಡು ಕಟ್ಟುವ ವಿಜಯದಾಸರ ಬಗ್ಗೆ ತಾತ್ಸಾರವಿತ್ತು. ಆ ತಾತ್ಸಾರದ ಫಲವಾಗಿ ಉದರವ್ಯಾಧಿ ಬಂತು, ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದು ಉಳಿಸಿದರು ಎಂಬುದು ಪ್ರತೀತಿ. ಆಯುಷ್ಯದಾನವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಪ್ರತಿಷ್ಠೆಯ ಭಾಷೆಯೊಂದರ ಹಮ್ಮಿನಿಂದ ಜನರ ಭಾಷೆಗೆ ಇಳಿದುಬಂದಾಗಲೇ ಅವರು ಕವಿಯಾದರು ಎಂಬ ತಿರುಳನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಇಂದು ಸಂಸ್ಕೃತದ ಸ್ಥಾನದಲ್ಲಿ ಇಂಗ್ಲಿಷ್ ಕುಳಿತಿದೆ. ಅರಮನೆಯಂಗಳದ ಉತ್ಸವಗಳಲ್ಲಿ ದೇಶಭಾಷೆಗಳಿಗೆ ಸಿಗುವುದು ಬಹುಮಟ್ಟಿಗೆ ಮೂಲೆಯ ವೇದಿಕೆ. 2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ನಂತರ ಕನ್ನಡದ ಕಥೆಗಾರರಿಗೆ ಆಹ್ವಾನಗಳು ಹೆಚ್ಚಿರಬಹುದು. ಆದರೆ ಆ ಕಥೆಗಳು ಹಲವು ದಶಕಗಳಿಂದ ಕನ್ನಡದಲ್ಲಿಯೇ ಇದ್ದವಲ್ಲ?

ಹಾಗೆಂದು ಮಾನ್ವಿಯ ಮನೆಯನ್ನು ಉತ್ಸವದ ತಾಣವಾಗಿಸಿ ಎಂದು ನಾನು ಹೇಳಲಾರೆ. ಅದು ಆರಾಧನೆಯ ಸ್ಥಳ. ಅಲ್ಲಿ ಅದರದೇ ಮಡಿ ಮೈಲಿಗೆ, ಅದರದೇ ನಿಯಮಗಳಿವೆ. ದೇವದುರ್ಗದ ದಲಿತ ಕವಿಯೂ ರಾಯಚೂರಿನ ಉರ್ದು ಶಾಯರನೂ ಸಂಕೋಚವಿಲ್ಲದೆ ಕಾಲಿಡಲಾಗದ ಅಂಗಳ ಸಾಹಿತ್ಯದ ಸಾರ್ವಜನಿಕ ಅಂಗಳವಾಗಲಾರದು. ಭಕ್ತರ ಮನೆಯನ್ನು ಭಕ್ತರಿಗೆ ಬಿಟ್ಟು, ಅಲ್ಲಿ ಹುಟ್ಟಿದ ಕಾವ್ಯವನ್ನು ಹೊರಗೆ ತಂದು ಎಲ್ಲರೊಡನೆ ಓದುವುದು ಸರಿಯಾದ ದಾರಿ. ದಾಸರಾದರೂ ಮನೆಯಲ್ಲಿ ಕುಳಿತವರೇ? ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಮಧುಕರ ವೃತ್ತಿಯಲ್ಲಿ ಊರೂರು ಅಲೆದವರು. ಅವರ ಹಾಡು ನೆಲೆನಿಂತದ್ದು ಜನ ನಡೆದಾಡುವ ಬೀದಿಯಲ್ಲಿ.

ಇನ್ನು ಸಮ್ಮೇಳನಗಳ ವಿಚಾರ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿಗೆ ಮೂರು ಸಲ ಬಂದಿದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ನಡೆದಾಗ ಊರು ನಿಜಾಮನ ಆಳ್ವಿಕೆಯಲ್ಲಿತ್ತು. ಸಾರ್ವಜನಿಕ ಸಭೆಗೆ ಅನುಮತಿ ಬೇಡಬೇಕಾಗಿದ್ದ, ಆಡಳಿತವೂ ಮೇಲ್ಮಟ್ಟದ ಶಿಕ್ಷಣವೂ ಉರ್ದುವಿನಲ್ಲಿದ್ದ ಕಾಲವದು. ಕನ್ನಡಿಗರು ಒಂದೆಡೆ ಸೇರಿದರೆಂಬುದೇ ಅಂದು ದೊಡ್ಡ ಸುದ್ದಿ. ಏಕೀಕರಣದ ವರ್ಷವಾದ 1956ರಲ್ಲಿ ಶ್ರೀರಂಗರು ಅಧ್ಯಕ್ಷರಾಗಿ ಬಂದಾಗ ಹೈದರಾಬಾದ್ ಸೀಮೆಯ ಕನ್ನಡಿಗರು ಹೊಸ ರಾಜ್ಯದ ಹೊಸ್ತಿಲಲ್ಲಿದ್ದರು. ಆಮೇಲೆ ಮೂರನೆಯದಕ್ಕೆ ಅರವತ್ತು ವರ್ಷ ಕಾಯಬೇಕಾಯಿತು. 2016ರ ಡಿಸೆಂಬರ್ ಮೊದಲ ವಾರ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೆಯ ಸಮ್ಮೇಳನ ನಡೆಯಿತು. ನೋಟು ರದ್ದಾಗಿ ಇನ್ನೂ ನಾಲ್ಕು ವಾರವೂ ಆಗಿರಲಿಲ್ಲ. ಪುಸ್ತಕ ಕೊಳ್ಳಬಯಸಿದವರ ಕೈಯಲ್ಲಿ ಎರಡು ಸಾವಿರದ ನೋಟು, ಮಾರುವವರ ಬಳಿ ಚಿಲ್ಲರೆ ಇಲ್ಲ. ಜನ ಮಾತ್ರ ಬಂದಿದ್ದರು. ಹಳ್ಳಿಗಳಿಂದ ಟಂಟಂ ಹತ್ತಿ, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಸಮ್ಮೇಳನಗಳನ್ನು ಜಾತ್ರೆಯೆಂದು ಮೂಗು ಮುರಿಯುವವರ ಬಗ್ಗೆ ನನಗೆ ತಕರಾರಿದೆ. ಜಾತ್ರೆಗೆ ಬರುವವನಿಗೆ ಪಾಸು ಬೇಕಿಲ್ಲ, ನೋಂದಣಿ ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಆದರೆ ಮೂರು ದಿನದ ಜಾತ್ರೆ ಮುಗಿದ ಮೇಲೆ ಊರಿನಲ್ಲಿ ಏನು ಉಳಿಯಿತೆಂದು ಕೇಳಿದರೆ ಉತ್ತರ ಹೇಳಲು ತಡಕಾಡಬೇಕಾಗುತ್ತದೆ.

ಋತುವಿನ ಪ್ರಶ್ನೆಗೆ ಬರೋಣ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ದೇವದುರ್ಗ ತಾಲ್ಲೂಕಿನಲ್ಲಿ ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ಕೆಲಸ ಮುಗಿದರೆ ಕೂಲಿ ಮುಗಿಯಿತು. ಯುಗಾದಿಯ ಆಸುಪಾಸಿನಲ್ಲಿ ಬೆಂಗಳೂರಿನ ಬಸ್ಸುಗಳು ಗಂಟುಮೂಟೆಗಳಿಂದ ತುಂಬುತ್ತವೆ. ಗುಳೆ ಎಂಬ ಈ ಮಾತು ದಕ್ಷಿಣದ ಜಿಲ್ಲೆಗಳ ಓದುಗರಿಗೆ ಪತ್ರಿಕೆಗಳ ಮೂಲಕ ಮಾತ್ರ ಗೊತ್ತು. ಇಲ್ಲಿ ಅದು ಪಂಚಾಂಗದ ಒಂದು ಭಾಗ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗ ಸೇರಿತ್ತು. ನಂತರ 371 (ಜೆ) ಬಂತು, ಪ್ರತ್ಯೇಕ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ನಾರಾಯಣಪುರ ಬಲದಂಡೆ ಕಾಲುವೆ ಕೆಲವು ಊರುಗಳಿಗೆ ನೀರು ತಂದಿತು. ಆದರೂ ಮನೆಗೆ ಬೀಗ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು ಹೋಗುವವರು ಹೋಗುತ್ತಲೇ ಇದ್ದಾರೆ. ಮಾನ್ವಿಯ ಕಥೆ ತುಸು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪುವ ಊರುಗಳಲ್ಲಿ ಭತ್ತ. ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಧರಣಿ.

ಹೀಗಿರುವಾಗ ಮೇ ತಿಂಗಳಿನಲ್ಲಿ ಇಲ್ಲಿ ಸಾಹಿತ್ಯೋತ್ಸವ ನಡೆಸಿದರೆ ಅದಕ್ಕೆ ಯಾರು ಬರುತ್ತಾರೆ? ನಗರದ ಉಪನ್ಯಾಸಕರು, ಅಧಿಕಾರಿಗಳು, ನಮ್ಮಂಥ ಬರಹಗಾರರು ಬರುತ್ತಾರೆ. ಬೆಂಗಳೂರಿನಿಂದ ಅತಿಥಿಗಳು ಬರುತ್ತಾರೆ. ಅದೇ ರಾತ್ರಿ ದೇವದುರ್ಗದ ಜನ ಬೆಂಗಳೂರಿನ ಯಾವುದೋ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿರುತ್ತಾರೆ. ಅತಿಥಿಗಳು ಇತ್ತ, ಊರಿನವರು ಅತ್ತ. ಈ ವಿನಿಮಯವನ್ನು ನೋಡಿಯೂ ನೋಡದಂತೆ ‘ನೆಲದ ದನಿ’ ಎಂಬ ಹೆಸರಿನ ಗೋಷ್ಠಿ ನಡೆಸುವುದು ನಮ್ಮಿಂದ ಆಗದ ಕೆಲಸವೇನಲ್ಲ. ಅಮರೇಶ ನುಗಡೋಣಿಯವರ ಕಥೆಗಳನ್ನು ಓದಿದವರಿಗೆ ಈ ಸೀಮೆಯ ಬದುಕಿನ ಬಿಗಿ ಎಷ್ಟೆಂಬುದು ತಿಳಿದಿರುತ್ತದೆ. ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು. ಆ ಕಥೆಗಳ ಪಾತ್ರಗಳಂಥ ಜನರು ಪ್ರೇಕ್ಷಕರ ಸಾಲಿನಲ್ಲಿ ಕೂರುವುದು ಯಾವ ತಿಂಗಳಿನಲ್ಲಿ ಸಾಧ್ಯ ಎಂಬುದನ್ನು ಸಂಘಟಕರು ಮೊದಲು ಲೆಕ್ಕ ಹಾಕಬೇಕು.

ಹಣದ ಪ್ರಶ್ನೆಯೂ ಸಣ್ಣದಲ್ಲ. 2016ರ ಮೇ ತಿಂಗಳಿನಲ್ಲಿ ಜೈಪುರ ಉತ್ಸವದ ಲಂಡನ್ ಆವೃತ್ತಿಗೆ ವೇದಾಂತ ಗಣಿ ಕಂಪನಿ ಪ್ರಾಯೋಜಕತ್ವ ನೀಡಿದಾಗ ಅನೇಕ ಲೇಖಕರು ಬಹಿರಂಗವಾಗಿ ಪ್ರತಿಭಟಿಸಿದರು. ನಮ್ಮ ಜಿಲ್ಲೆಯಲ್ಲಿ ಪ್ರಾಯೋಜಕರು ಎಲ್ಲಿಂದ ಬರುತ್ತಾರೆ? ಸರ್ಕಾರಿ ಉದ್ಯಮಗಳಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಹಟ್ಟಿಯ ಚಿನ್ನದ ಗಣಿ ಇವೆ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳಿವೆ. ಅದಾದ ಮೇಲೆ ಉಳಿಯುವುದು ರಾಜಕಾರಣ, ಗುತ್ತಿಗೆ, ಮತ್ತು ಮರಳು. ಕೃಷ್ಣೆ ತುಂಗಭದ್ರೆಯರ ಮರಳು ಹೇಗೆ ಸಾಗುತ್ತದೆಂಬುದನ್ನು ದೇವದುರ್ಗ, ಮಾನ್ವಿಗಳಲ್ಲಿ ಮಕ್ಕಳೂ ಬಲ್ಲರು. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಲಾರಿಯಡಿ ಸಿಕ್ಕು ಸತ್ತರು. ವಿಜಯದಾಸರ ಹೊಳೆ ಎಂದು ನಾವು ವೇದಿಕೆಯ ಮೇಲೆ ಹೊಗಳುವ ಹೊಳೆಯ ಇಂದಿನ ಸ್ಥಿತಿ ಇದು. ಯಾವ ಹಣದ ಮೂಲ ಯಾವುದೆಂದು ಕೇಳುವ ಧೈರ್ಯ ಉತ್ಸವ ಸಮಿತಿಗೆ ಇಲ್ಲದಿದ್ದರೆ ಅಂಥ ಉತ್ಸವದಲ್ಲಿ ನದಿಯ ಕುರಿತ ಗೋಷ್ಠಿಯನ್ನಾದರೂ ಕೈಬಿಡುವುದು ಮರ್ಯಾದೆ.

ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಅಟ್ಟಿದವಳು ಆಕೆ. ಬಂದ ಹಣವನ್ನೆಲ್ಲ ಪಡೆಯಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಕನ್ನಡ ಸಾಹಿತ್ಯ ಹನ್ನೆರಡನೆಯ ಶತಮಾನದಲ್ಲೇ ಕಲಿತಿತ್ತು.

ಬೇಸಿಗೆಯಲ್ಲಿ, ಪ್ರಾಯೋಜಕರಿಲ್ಲದೆ, ಅರಮನೆಯಿಲ್ಲದೆ ಸಾಹಿತ್ಯದ ಕೂಟ ನಡೆಸಬಹುದೆಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಯಿದೆ. ಗದುಗಿನ ಲಡಾಯಿ ಪ್ರಕಾಶನದ ಗೆಳೆಯರು ರೂಢಿಸಿದ ‘ಮೇ ಸಾಹಿತ್ಯ ಮೇಳ’ ಉತ್ತರ ಕರ್ನಾಟಕದಲ್ಲಿ ಊರಿಂದೂರಿಗೆ ಹೋಗುತ್ತದೆ. ಬಂದವರ ಕಾಣಿಕೆಯಲ್ಲಿ, ಸ್ಥಳೀಯರ ದುಡಿಮೆಯಲ್ಲಿ ನಡೆಯುತ್ತದೆ. ಅದರ ವೈಚಾರಿಕ ನಿಲುವು ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಒಂದೇ ಒಲವಿನ ಮಾತುಗಾರರು ಹೆಚ್ಚೆಂದು ನನಗೂ ಅನ್ನಿಸಿದ್ದುಂಟು. ಆದರೆ ಸರಳತೆಯಲ್ಲಿ ಅದು ಕಲಿಸುವ ಪಾಠ ದೊಡ್ಡದು.

ಯಾರ ಸಾಹಿತ್ಯ ಎಂಬ ಕೊನೆಯ ಪ್ರಶ್ನೆಗೆ ಈ ನಾಡು ಕೊಡುವ ಉತ್ತರ ಸಮೃದ್ಧವಾದದ್ದು. ಕನ್ನಡದಲ್ಲಿ ಗಜಲ್ ಬೇರೂರಿದ್ದು ರಾಯಚೂರಿನ ಶಾಂತರಸರಿಂದ. ಹೆಂಬೇರಾಳದ ಈ ಕವಿ ಉರ್ದುವನ್ನು ಆಳುವವರ ಭಾಷೆಯೆಂದು ದೂರವಿಡಲಿಲ್ಲ. ಉರ್ದುವಿನಲ್ಲಿ ಕಲಿತು, ಅದರ ಪದ್ಯಪ್ರಕಾರವನ್ನು ಕನ್ನಡಕ್ಕೆ ಒಗ್ಗಿಸಿದರು. 2006ರಲ್ಲಿ ಬೀದರ್ ಸಮ್ಮೇಳನದ ಅಧ್ಯಕ್ಷರಾದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯನ್ನು ಮುಂದುವರಿಸಿದರು. ಅದಕ್ಕೂ ಹಿಂದೆ, ಅಸಹಕಾರ ಚಳವಳಿಯ ಕಾಲದಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಆನಂತರ ತುಂಗಭದ್ರೆಯ ದಡದಲ್ಲಿ ‘ಪ್ರೇಮಾಯತನ’ ಆಶ್ರಮ ಕಟ್ಟಿದರು. ವೈದ್ಯ, ಸಂಗೀತ, ನಾಟಕ, ಯೋಗ ಎಲ್ಲ ಒಂದೇ ಚಾವಡಿಯಲ್ಲಿ ಕೂಡುತ್ತಿದ್ದ ಮನೆಯದು. ಸರೋದ್ ವಾದಕ ರಾಜೀವ ತಾರಾನಾಥರ ತಂದೆಯೆಂದು ಇಂದಿನವರು ಅವರನ್ನು ಗುರುತಿಸುತ್ತಾರೆ. ತಂದೆಯ ಕೆಲಸ ಇನ್ನೂ ಸರಿಯಾಗಿ ಅಧ್ಯಯನವಾಗಿಲ್ಲವೆಂಬುದು ನನ್ನ ದೂರು. ಇವರೆಲ್ಲರ ಜೊತೆಗೆ ಮೊಹರಮ್ಮಿನ ರಿವಾಯತ್ ಪದಗಳಿವೆ. ಮುದಗಲ್ಲಿನಲ್ಲಿ ಅವನ್ನು ಹಾಡುವವರ ಜಾತಿ ಮತ ಕೇಳಿದರೆ ಕೇಳಿದವರೇ ಪೆಚ್ಚಾಗಬೇಕು. ತಿಂಥಣಿ ಮೋನಪ್ಪನ ಭಕ್ತರ ಭಜನೆಗಳಿವೆ, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಪರಂಪರೆಯಿದೆ, ಹೊಲದಲ್ಲಿ ಹತ್ತಿ ಬಿಡಿಸುತ್ತ ಹಾಡುವ ಹೆಂಗಸರಿದ್ದಾರೆ.

ಇವೆಲ್ಲವೂ ರಾತ್ರಿಯ ಸಾಹಿತ್ಯ ಎಂಬುದನ್ನು ಗಮನಿಸಬೇಕು. ದೊಡ್ಡಾಟ, ಭಜನೆ, ರಿವಾಯತ್, ಮುಶಾಯಿರಾ ಯಾವುದೂ ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆಗೊಂಡು ಊಟದ ವಿರಾಮ ಪಡೆಯುವ ಕಲೆಯಲ್ಲ. ಬಿಸಿಲಿಳಿದು, ಅಂಗಳಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿದ ಮೇಲೆ ಶುರುವಾಗಿ ಬೆಳ್ಳಿ ಮೂಡುವವರೆಗೆ ನಡೆಯುವಂಥದು. ಬೇಸಿಗೆಯಲ್ಲಿ ಸಾಹಿತ್ಯದ ಹಬ್ಬ ಹೇಗೆ ನಡೆಸಬೇಕೆಂಬುದು ಈ ಸೀಮೆಯ ಅನಕ್ಷರಸ್ಥರಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ನಮಗೆ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರಿಗೆ.

ಅನಕ್ಷರತೆಯ ಮಾತು ಬಂದದ್ದರಿಂದ ಅಂಕಿಗಳನ್ನೂ ಹೇಳಿಬಿಡುವುದು ಒಳಿತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರು ಜಿಲ್ಲೆಯದು ಶೇ 59.56. ಮಹಿಳೆಯರಲ್ಲಿ ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಹುಡುಕಲು ಕೆಳಗಿನಿಂದ ಓದುತ್ತ ಬರುವುದು ರೂಢಿಯಾಗಿದೆ. ಸಾಹಿತ್ಯೋತ್ಸವವೆಂದರೆ ಪುಸ್ತಕದ ಉತ್ಸವ ಎಂದು ಭಾವಿಸುವ ನಾವು, ಪುಸ್ತಕವನ್ನು ಓದಬಲ್ಲ ಮಗುವೊಂದು ದೇವದುರ್ಗದ ಹಳ್ಳಿಯಲ್ಲಿ ಹೇಗೆ ತಯಾರಾಗುತ್ತದೆಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ತಂದೆತಾಯಿಯ ಜೊತೆ ಗುಳೆ ಹೋದ ಮಗು ಮಾರ್ಚಿಯಲ್ಲಿ ಶಾಲೆ ಬಿಟ್ಟರೆ ಜೂನಿನಲ್ಲಿ ಮರಳುವ ಖಾತರಿಯಿಲ್ಲ. ಅಜ್ಜಿಯ ಜೊತೆ ಊರಿನಲ್ಲೇ ಉಳಿದ ಮಗುವಿಗೆ ರಜೆಯ ಎರಡು ತಿಂಗಳು ಕಲಿತದ್ದು ಮರೆಯುವ ಕಾಲ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟವನ್ನು ಮುಂದುವರಿಸಲಾಯಿತು. ಮಕ್ಕಳು ಊಟದ ವೇಳೆಗೆ ಶಾಲೆಗೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಆ ವೇಳೆಯಲ್ಲಿ ಅವರ ಕೈಗೆ ಒಂದು ಕಥೆಪುಸ್ತಕ ಕೊಡಬಹುದಿತ್ತೆಂದು ಜಿಲ್ಲೆಯ ಎಷ್ಟು ಸಾಹಿತ್ಯ ಸಂಘಟನೆಗಳಿಗೆ ಹೊಳೆಯಿತು?

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕೋವಿಡ್ ಕಾಲದಲ್ಲಿ, 2020ರ ನವೆಂಬರಿನಲ್ಲಿ, ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಹೊಸ ಬಣ್ಣ, ಹೊಸ ಕಪಾಟು ಬಂದ ಕೇಂದ್ರಗಳೂ ಇವೆ. ಬೀಗ ತೆರೆಯುವುದೇ ಅಪರೂಪವಾದವೂ ಇವೆ. ನನ್ನ ಅಭಿಪ್ರಾಯದಲ್ಲಿ ಎಡೆದೊರೆ ನಾಡಿನ ಬೇಸಿಗೆಯ ಉತ್ಸವಕ್ಕೆ ಅರಮನೆಯ ಹುಡುಕಾಟ ಬೇಡ, ಈ ಕಟ್ಟಡಗಳೇ ಸಾಕು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಕ್ಕಳ ಓದು. ಸಂಜೆ ಬಿಸಿಲಿಳಿದ ಮೇಲೆ ಊರವರ ಹಾಡು. ರಾಯಚೂರಿನಿಂದ ಹೋಗುವ ಲೇಖಕ ಅಲ್ಲಿ ಭಾಷಣ ಮಾಡದೆ ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಉಳಿದ ಹೊತ್ತು ಕೇಳಿಸಿಕೊಂಡು ಬರಲಿ. ಹಾಡಿದ್ದನ್ನು ದಾಖಲಿಸುವ ಹೊಣೆಯನ್ನು ಯರಗೇರಾದ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳು ಹೊರಲಿ.

ದೊಡ್ಡ ಕೂಟವೊಂದು ಬೇಕೇಬೇಕೆಂದರೆ ಅದನ್ನು ಗುಳೆ ಹೋದವರು ಊರಿಗೆ ಮರಳಿರುವ ಹೊತ್ತಿಗೆ ಇಟ್ಟುಕೊಳ್ಳಬಹುದು. ರೋಹಿಣಿ ಮಳೆ ಬಿದ್ದರೆ, ಬಿತ್ತನೆಗೆ ಬರುವವರು ಕಾರಹುಣ್ಣಿಮೆಯ ಒಳಗೆ ಬಂದಿರುತ್ತಾರೆ. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ನಗರದಲ್ಲಿಯೇ ಇದೆ, ಕೋಟೆಯ ನವರಂಗ ದರ್ವಾಜದ ಬಳಿ ಬಯಲೂ ಇದೆ. ಅಲ್ಲಿ ಒಂದು ರಾತ್ರಿ ದಾಸರ ಪದ, ಶಾಂತರಸರ ಗಜಲ್, ಮುದಗಲ್ಲಿನ ರಿವಾಯತ್ ಮೂರನ್ನೂ ಒಂದೇ ವೇದಿಕೆಯಲ್ಲಿ ಕೇಳಿಸಬಹುದು. ಖರ್ಚಿನ ಲೆಕ್ಕವನ್ನು ಮರುದಿನವೇ ರಂಗಮಂದಿರದ ಬಾಗಿಲಿಗೆ ಅಂಟಿಸಬಹುದು. ಆಗ ಬೆಂಗಳೂರಿನಿಂದ ಬರಬಯಸುವ ಅತಿಥಿಗಳಿಗೆ ಒಂದು ಸೂಚನೆ: ವಿಮಾನ, ವಾತಾನುಕೂಲಿ ಕಾರು ಬೇಡ, ದೇವದುರ್ಗಕ್ಕೆ ಮರಳುವ ಗುಳೆಯ ಬಸ್ಸಿನಲ್ಲಿ ಸೀಟು ಕಾದಿರಿಸಿಕೊಳ್ಳಿ. ರಾತ್ರಿಯಿಡೀ ಪ್ರಯಾಣವಿರುತ್ತದೆ, ಪಕ್ಕದ ಸೀಟಿನವರು ಮಾತನಾಡುತ್ತಾರೆ.